ತಪ್ಪು ಮೂಲೆಯ ಗುಲಾಬಿ ಹನಿ

"ಈ ಹನಿ ಇಲ್ಲಿ ಇರಬಾರದು, ಡಾಕ್ಟ್ರೇ," ಎಂದಳು ಐಲಿ ಕೋಸ್ಕೆಲಾ.

ಪರದೆಯ ಮೇಲೆ ಪ್ರಯೋಗದ ತಟ್ಟೆಯೊಂದರ ಫೋಟೊ; ಅದರ ತುಂಬ ಸಾವಿರದ ಐನೂರ ಮೂವತ್ತಾರು ಪುಟ್ಟ ಚೌಕಗಳು. ಒಂದೊಂದರಲ್ಲೂ ಒಂದೊಂದು ಹನಿ. ಕೆಲವು ತಿಳಿ, ಕೆಲವು ಕಲಗಚ್ಚಿನ ಹಾಗೆ ಬೂದು. ಕೆಳಗಡೆ ಬಲಮೂಲೆಯಲ್ಲಿ ಮಾತ್ರ ಒಂದೇ ಒಂದು ಗುಲಾಬಿ ಬಣ್ಣದ್ದು.

ಡಾಕ್ಟರ್ ರೋಲ್ಫ್ ಸ್ಟಾವಿಗ್ ಕನ್ನಡಕವನ್ನು ಹಣೆಗೇರಿಸಿ ಬಾಗಿ ನೋಡಿದ. ಡುಲೂತ್ ಊರಿನ ಗುಡ್ಡದ ಮೇಲಿನ ಈ ಹರಳು ಕೇಂದ್ರಕ್ಕೆ ಅವನೇ ಯಜಮಾನ, ಅವನೇ ದೇವರು.

"ಕೋಬಾಲ್ಟ್ ಉಪ್ಪು. ಅದರ ಬಣ್ಣವೇ ಗುಲಾಬಿ," ಎಂದ ನಗುತ್ತಾ. "ಮೂರು ದಿನ ಕೂತು ಇದನ್ನ ಕಂಡುಹಿಡಿದ್ರಾ ಮೇಡಂ? ಪರವಾಗಿಲ್ಲ. ಬೇಸಿಗೆ ರಜೇಲಿ ನಮ್ಮಲ್ಲಿಗೆ ಬರೋ ಶಾಲೆ ಮಕ್ಕಳು ಮೊದಲನೇ ಗಂಟೇಲೇ ಕೇಳ್ತಾರೆ. ಒಬ್ಬೊಬ್ಬರ ವೇಗ ಒಂದೊಂದು ಥರ."

ಈ ಊರಿನಲ್ಲಿ ಯಾರೂ ಬೈಯುವುದಿಲ್ಲ. ನಿಂಬೆಹಣ್ಣಿನ ಸಿಹಿ ಕೈಗಿಟ್ಟು, ನಗುನಗುತ್ತಾ ಚರ್ಮ ಸುಲಿಯುತ್ತಾರೆ. ಐವತ್ತೆಂಟು ವರ್ಷ ಇಲ್ಲೇ ಬದುಕಿ, ಅದರಲ್ಲಿ ಮೂವತ್ತು ವರ್ಷ ಪೊಲೀಸ್ ಇಲಾಖೆಯಲ್ಲಿ ಸವೆದ ಐಲಿಗೆ ಆ ಸುಲಿತ ಹೊಸದೇನಲ್ಲ.

ಎರಡು ವಾರದ ಹಿಂದೆ, ಇಂಥದೇ ಒಂದು ಮಂಗಳವಾರ, ಇದೇ ಕ್ಯಾಮೆರಾ ಕೋಣೆಗೆ ಅಂಟಿಕೊಂಡ ಕೋಲ್ಡ್ ರೂಮಿನಲ್ಲಿ ತಂತ್ರಜ್ಞೆ ಟೂವೆ ಲಿಂಡಾಲ್ ಉಸಿರುಗಟ್ಟಿ ಸತ್ತಿದ್ದಳು. ಡ್ರೈ ಐಸ್ ಪೆಟ್ಟಿಗೆಗಳ ಮುಚ್ಚಳ ತೆರೆದಿತ್ತು; ಅದರಿಂದೇಳುವ ಇಂಗಾಲದ ಡೈಆಕ್ಸೈಡ್ ಮುಚ್ಚಿದ ಕೋಣೆಯಲ್ಲಿ ಉಸಿರು ಕಟ್ಟಿಸುತ್ತದೆ. ಬಾಗಿಲಿನ ಒಳಗಡೆ ಹಿಡಿಕೆಯ ಸ್ಕ್ರೂಗಳನ್ನು ಯಾರೋ ಮೊದಲೇ ಸಡಿಲಿಸಿದ್ದರು. ಅವಳ ಜೊತೆ ಕೆಲಸ ಮಾಡುತ್ತಿದ್ದ ಎಸ್ಕೊ ಹಕಾಲಾ ಈಗ ಜೈಲಿನಲ್ಲಿದ್ದ; ಆ ಹೊತ್ತಿನಲ್ಲಿ ತಾನು ಇಲ್ಲಿರಲೇ ಇಲ್ಲ ಎನ್ನುತ್ತಿದ್ದ.

ಇವತ್ತು ಮಧ್ಯಾಹ್ನ ಒಂದು ಗಂಟೆಗೆ ನ್ಯಾಯಾಧೀಶರ ಮುಂದೆ ಅವನ ಮೇಲೆ ಕೊಲೆಯ ಆರೋಪ ಹೊರಿಸುತ್ತಾರೆ. ಈಗ ಹತ್ತೂವರೆ. ಇಡೀ ಇಲಾಖೆಯಲ್ಲಿ ಅವನು ಕೊಂದಿಲ್ಲ ಎಂದು ನಂಬಿದವಳು ಐಲಿ ಒಬ್ಬಳೇ.

"ಮಾರಿಟ್, ಇದನ್ನ ನೋಡು," ಎಂದು ಅವಳು ಪಕ್ಕದಲ್ಲಿ ಕೋಟು ಬಿಚ್ಚದೆ ನಿಂತಿದ್ದ ಸರ್ಕಾರಿ ವಕೀಲೆ ಮಾರಿಟ್ ಓಲ್ಸೆತ್‌ಗೆ ಇನ್ನೊಂದು ಚಿತ್ರ ತೋರಿಸಿದಳು. "ಇದೇ ತಟ್ಟೆ. ಹಿಂದಿನ ವಾರದ ಫೋಟೊ. ಗುಲಾಬಿ ಎಲ್ಲಿದೆ?"

"ಮೇಲೆ. ಎಡಕ್ಕೆ."

"ಅದರ ಹಿಂದಿನ ವಾರ?"

"ಮೇಲೆ ಎಡಕ್ಕೇ. ಐಲಿ, ನನಗೆ ಒಂದು ಗಂಟೆಗೆ ಕೋರ್ಟಿದೆ. ಬೇಗ ಹೇಳು."

"ಟೂವೆ ಸತ್ತ ದಿನ ಮಾತ್ರ ಕೆಳಗೆ, ಬಲಕ್ಕೆ. ಯಾಕೆ ಅಂದ್ರೆ ಅವತ್ತು ಯಾರೋ ತಟ್ಟೇನ ತಿರುಗುಮುರುಗು ಇಟ್ಟಿದ್ದಾರೆ."

ಐಲಿ ಈ ಮೂರು ದಿನ ಕಣ್ಣು ಕಳೆದುಕೊಂಡು ಕಲಿತದ್ದು ಇಷ್ಟು. ದೇಶದ ನಾನಾ ಮೂಲೆಯ ಲ್ಯಾಬಿನವರು ತಾವು ವರ್ಷಗಟ್ಟಲೆ ಒದ್ದಾಡಿ ತಯಾರಿಸಿದ ಪ್ರೋಟೀನನ್ನು ಡ್ರೈ ಐಸಿನಲ್ಲಿ ಹುದುಗಿಸಿ ಸೋಮವಾರ ಕಳಿಸುತ್ತಾರೆ. ಅದು ಮಂಗಳವಾರ ಇಲ್ಲಿಗೆ ಬರುತ್ತದೆ. ಶುಕ್ರವಾರ ಯಾರೂ ಕಳಿಸುವುದಿಲ್ಲ. ಶನಿವಾರ, ಭಾನುವಾರ ಯಾವುದೋ ಗೋದಾಮಿನಲ್ಲಿ ಕೂತರೆ ಎರಡು ವರ್ಷದ ದುಡಿಮೆ ಕರಗಿ ಗೊಜ್ಜಾಗುತ್ತದೆ.

ಇಲ್ಲಿ ರೋಬಾಟ್ ಆ ಪ್ರೋಟೀನನ್ನು ಸಾವಿರದ ಐನೂರ ಮೂವತ್ತಾರು ಬಗೆಯ ದ್ರಾವಣಗಳ ಜೊತೆ ಬೆರೆಸುತ್ತದೆ. ಅಷ್ಟರಲ್ಲಿ ಎಲ್ಲಾದರೂ ಒಂದು ಕುಳಿಯಲ್ಲಿ ಹರಳು ಕಟ್ಟಿದರೆ ಕಳಿಸಿದವರ ಪುಣ್ಯ; ಹರಳಾದರೆ ಮಾತ್ರ ಪ್ರೋಟೀನಿನ ಒಳರಚನೆ ತಿಳಿಯುವುದು. ಕಟ್ಟಿತೋ ಇಲ್ಲವೋ ನೋಡಲು ಆರು ವಾರದವರೆಗೆ ಆಗಾಗ ಫೋಟೊ. ಆ ಫೋಟೊಗಳು ಕಳಿಸಿದವರಿಗೆ ಹೋಗುತ್ತವೆ. ಅವರು ಅಲ್ಲಿ ಕೂತು ಒಂದೊಂದೇ ಹನಿಯನ್ನು ನೋಡಿ ನಿಟ್ಟುಸಿರು ಬಿಡುತ್ತಾರೆ.

ರೋಬಾಟ್ ಎಲ್ಲವನ್ನೂ ಮಾಡುತ್ತದೆ. ಆದರೆ ತಟ್ಟೆಯನ್ನು ಕ್ಯಾಮೆರಾದ ಕೆಳಗೆ ಇಡುವುದು ಮನುಷ್ಯರ ಕೈ.

"ತಟ್ಟೇಲಿ ಒಂದು ಮೂಲೆ ಓರೆಯಾಗಿ ಕತ್ತರಿಸಿರುತ್ತೆ," ಎಂದಳು ಐಲಿ. "ಅದು ಎಡಕ್ಕೆ ಬರಬೇಕು. ಟೂವೆ ಒಂಬತ್ತು ವರ್ಷ ಇಟ್ಟಿದ್ದಾಳೆ, ಒಂದು ಸಲಾನೂ ತಪ್ಪಿಲ್ಲ. ಎಸ್ಕೊ ಎರಡು ವರ್ಷದಿಂದ ಇಡ್ತಿದ್ದಾನೆ, ಅವನ ಹೆಸರಲ್ಲಿರೋ ಒಂದು ಫೋಟೊದಲ್ಲೂ ತಪ್ಪಿಲ್ಲ. ಈ ಫೋಟೊದ ಸಮಯ ನೋಡು. ಎರಡು ಗಂಟೆ ಹನ್ನೆರಡು ನಿಮಿಷ. ಅವಳು ಸತ್ತಿದ್ದು ಎರಡರಿಂದ ಮೂರರ ಒಳಗೆ. ಅಂದ್ರೆ ಅವಳು ಆ ಬಾಗಿಲ ಹಿಂದೆ ಸಾಯ್ತಿರುವಾಗ, ತಟ್ಟೆ ಇಡೋಕೆ ಸರಿಯಾಗಿ ಬಾರದವರು ಯಾರೋ ಇಲ್ಲಿ ನಿಂತು ತಟ್ಟೆ ಇಟ್ಟಿದ್ದಾರೆ."

ಮಾರಿಟ್ ಮೊದಲ ಬಾರಿಗೆ ಕೋಟಿನ ಗುಂಡಿ ಬಿಚ್ಚಿದಳು. ಅದು ಒಳ್ಳೆಯ ಲಕ್ಷಣ.

"ಎರಡೂ ಹನ್ನೆರಡಕ್ಕೆ ನಾನು ನನ್ನ ಕೋಣೇಲಿ, ಪರದೆ ಮೇಲೆ, ಹನ್ನೊಂದು ಜನರ ಜೊತೆ ಸಭೇಲಿದ್ದೆ," ಎಂದ ಸ್ಟಾವಿಗ್. "ಒಂದರಿಂದ ನಾಲ್ಕರ ತನಕ. ಎದ್ದು ಮೂತ್ರಕ್ಕೂ ಹೋಗಿಲ್ಲ. ಈ ವಯಸ್ಸಲ್ಲಿ ಅದೇ ಒಂದು ಸಾಧನೆ."

"ಗೊತ್ತು. ಆ ಹನ್ನೊಂದು ಜನರನ್ನೂ ಕೇಳಿದ್ದೀನಿ."

"ಹಾಗಾದ್ರೆ ನನ್ನನ್ನ ಯಾಕೆ ನಿಲ್ಲಿಸ್ಕೊಂಡಿದ್ದೀರಿ?"

"ಎಸ್ಕೊ ತಟ್ಟೆ ಇಡೋದನ್ನ ನೀವೂ ನೋಡಲಿ ಅಂತ."

ಎಸ್ಕೊನನ್ನು ಕರೆತಂದರು. ಇಪ್ಪತ್ತಾರರ ಹುಡುಗ. ಕಿತ್ತಳೆ ಬಣ್ಣದ ಜೈಲಿನ ಅಂಗಿ ಅವನಿಗೆ ಎರಡು ಅಳತೆ ದೊಡ್ಡದು. ಹದಿನಾಲ್ಕು ದಿನದಲ್ಲಿ ಕೆನ್ನೆ ಒಳಕ್ಕೆ ಹೋಗಿತ್ತು. ಕೋಲ್ಡ್ ರೂಮಿನ ಬಾಗಿಲನ್ನು ಕಂಡವನೇ ಮುಖ ತಿರುಗಿಸಿದ.

ಈ ಪರೀಕ್ಷೆಗೆ ಒಪ್ಪಬೇಡ ಎಂದು ಅವನ ವಕೀಲ ಬಡಿದುಕೊಂಡಿದ್ದ. ಐಲಿ ಹೇಳಿದಳೆಂಬ ಒಂದೇ ಕಾರಣಕ್ಕೆ ಎಸ್ಕೊ ಒಪ್ಪಿದ್ದ. ಏನು ಪರೀಕ್ಷೆ, ಯಾಕೆ ಎಂದು ಅವಳು ಅವನಿಗೂ ಹೇಳಿರಲಿಲ್ಲ. ಹೇಳಿದ್ದರೆ ಮಾರಿಟ್ ಅದಕ್ಕೆ ಮೂರು ಕಾಸಿನ ಬೆಲೆಯನ್ನೂ ಕೊಡುತ್ತಿರಲಿಲ್ಲ.

"ಏನಿಲ್ಲಪ್ಪ," ಎಂದಳು ಐಲಿ, ಅವನ ಭುಜ ತಟ್ಟಿ. "ದಿನಾ ಮಾಡ್ತಿದ್ದ ಕೆಲಸ. ಒಂದು ತಟ್ಟೆ ತಗೊಂಡು ಕ್ಯಾಮೆರಾ ಕೆಳಗೆ ಇಡು. ಅಷ್ಟೇ."

ಮೊದಲು ಸ್ಟಾವಿಗ್ ಇಟ್ಟು ತೋರಿಸಿದ. ಪರದೆಯಲ್ಲಿ ಗುಲಾಬಿ ಹನಿ ಮೇಲೆ ಎಡಕ್ಕೆ ಬಂತು. ಅವನು ಕೈ ಒರೆಸಿಕೊಂಡು ಹಿಂದೆ ಸರಿದ.

ಪೇದೆ ಎಸ್ಕೊನ ಬೇಡಿ ಬಿಚ್ಚಿದ. ಎಸ್ಕೊ ಪ್ಯಾಂಟಿಗೆ ಅಂಗೈ ಉಜ್ಜಿ, ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. ನಾಲ್ಕು ಜನ ಅವನನ್ನೇ ನೋಡುತ್ತಿದ್ದರು. ಸ್ಟಾವಿಗ್ ಮೆಲ್ಲಗೆ ಗಂಟಲು ಸರಿಮಾಡಿಕೊಂಡ, ಅಷ್ಟೇ.

ಎಸ್ಕೊ ತಟ್ಟೆ ಇಟ್ಟ. ಟಕ್ಕೆಂದು ಸದ್ದಾಯಿತು. ಕ್ಯಾಮೆರಾ ಓಡಿತು. ಪರದೆಯಲ್ಲಿ ಚೌಕಗಳು ಒಂದೊಂದೇ ತುಂಬಿಕೊಂಡವು.

ಗುಲಾಬಿ ಹನಿ ಕೆಳಗೆ, ಬಲಮೂಲೆಯಲ್ಲಿ ಬಂದು ಕೂತಿತು.

ಐಲಿ ತಾನೇ ಹಗ್ಗ ಹೊಸೆದು, ತಾನೇ ಕುಣಿಕೆ ಕಟ್ಟಿ, ಹುಡುಗನ ಕೊರಳಿಗೆ ತಾನೇ ಹಾಕಿದ್ದಳು. ಅದೂ ಸರ್ಕಾರಿ ವಕೀಲೆಯನ್ನು ಕೈಹಿಡಿದು ಕರೆತಂದು ಮುಂದೆ ನಿಲ್ಲಿಸಿಕೊಂಡು!

"ಅಯ್ಯೋ," ಎಂದ ಎಸ್ಕೊ, ಪರದೆ ನೋಡಿ. ಆಮೇಲೆ ಪಕ್ಕದ ಚಿತ್ರ ನೋಡಿದ, ಅದರ ಕೆಳಗಿದ್ದ ದಿನಾಂಕ ಓದಿದ. "ಅಯ್ಯೋ ಮೇಡಂ."

"ಬೇಡಿ ಹಾಕಿ," ಎಂದಳು ಮಾರಿಟ್ ಪೇದೆಗೆ. ಆಮೇಲೆ ಐಲಿಯ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ, "ಥ್ಯಾಂಕ್ಸ್ ಐಲಿ. ಇಲ್ಲೀತನಕ ಅವನು ಕೋಣೇಲಿದ್ದ ಅನ್ನೋಕೆ ನನ್ನ ಹತ್ತಿರ ಬಾಗಿಲು ತೆರೆಯೋ ಕಾರ್ಡಿನ ದಾಖಲೆ ಬಿಟ್ರೆ ಏನೂ ಇರಲಿಲ್ಲ," ಎಂದಳು.

ಸ್ಟಾವಿಗ್ ನಗಲಿಲ್ಲ. ನಕ್ಕಿದ್ದರೆ ಐಲಿಗೆ ಇಷ್ಟು ಉರಿಯುತ್ತಿರಲಿಲ್ಲ. ಅವನು ಪರೀಕ್ಷೆಯಲ್ಲಿ ಫೇಲಾದ ಮಗುವನ್ನು ನೋಡುವ ಮೇಷ್ಟರ ಹಾಗೆ ತಲೆ ಒಂದು ಬದಿಗೆ ವಾಲಿಸಿ ಎಸ್ಕೊನನ್ನು ನೋಡುತ್ತಿದ್ದ.

"ನಿಮಗೆ ಇದು ಮೊದಲೇ ಗೊತ್ತಿತ್ತು," ಎಂದಳು ಐಲಿ.

"ಏನು?"

"ಅವನು ಹೀಗೇ ಇಡ್ತಾನೆ ಅಂತ. ನಾನು ಪರೀಕ್ಷೆ ಅಂದಾಗ ಒಂದು ಮಾತೂ ಆಡದೆ ಒಪ್ಪಿದ್ರಲ್ಲ. ಗೊತ್ತಿದ್ದೇ ಒಪ್ಪಿದ್ರಿ."

"ಕೇಳಿದ್ರೆ ಹೇಳ್ತಿದ್ದೆ ಮೇಡಂ. ನೀವು ಕೇಳಲಿಲ್ಲ." ಸ್ಟಾವಿಗ್ ಮೇಜಿನಂಚಿಗೆ ಆರಾಮಾಗಿ ಒರಗಿದ. "ಹೊಸಬರು ಯಾರೇ ಬರಲಿ, ನಾನು ಒಂದು ತಪ್ಪು ಪಾಠ ಹೇಳ್ಕೊಡ್ತೀನಿ. ಒಬ್ಬೊಬ್ಬರಿಗೆ ಒಂದೊಂದು. ಇಪ್ಪತ್ತೆರಡು ವರ್ಷದ ಅಭ್ಯಾಸ. ಎಷ್ಟು ದಿನಕ್ಕೆ ಬಂದು 'ಸಾರ್, ಇದು ತಪ್ಪಲ್ವಾ' ಅಂತಾರೆ ಅಂತ ನೋಡೋದು. ತಲೆ ಇದೆಯಾ, ಬೆನ್ನುಮೂಳೆ ಇದೆಯಾ, ಎರಡೂ ಗೊತ್ತಾಗುತ್ತೆ."

"ಟೂವೆಗೆ ಏನು ಹೇಳಿದ್ರಿ?"

"ಪ್ರೋಟೀನ್ ಟ್ಯೂಬನ್ನ ಚೆನ್ನಾಗಿ ಕುಲುಕಬೇಕು ಅಂದೆ. ನೊರೆ ಬಂದ್ರೆ ಪ್ರೋಟೀನ್ ಕೆಡುತ್ತೆ. ಹತ್ತೇ ನಿಮಿಷ. ನನ್ನ ಮುಖಕ್ಕೇ ನಕ್ಕಳು." ಅವನ ದನಿಯಲ್ಲಿ ಮೆಚ್ಚುಗೆಯೇ ಇತ್ತು. "ಇವನಿಗೆ, ಕತ್ತರಿಸಿದ ಮೂಲೆ ಬಲಕ್ಕೆ ಅಂದೆ. ಹದಿನಾಲ್ಕು ತಿಂಗಳು, ಮೇಡಂ! ಹದಿನಾಲ್ಕು ತಿಂಗಳು ಬಲಕ್ಕೇ ಇಟ್ಟ. ಪಾಪ, ಟೂವೆ ಹಿಂದೆಯೇ ಬಂದು ತಿರುಗಿಸಿ ಇಡ್ತಿದ್ಲು, ಇವನಿಗೆ ಬೇಜಾರಾಗಬಾರದು ಅಂತ ಬಾಯಿ ಬಿಡ್ತಿರಲಿಲ್ಲ. ಹೋದ ವರ್ಷ ಕ್ರಿಸ್ಮಸ್ ಊಟದಲ್ಲಿ ಎಲ್ಲರ ಮುಂದೆ ನಾನೇ ಹೇಳಿದೆ. ಎಷ್ಟು ನಕ್ಕರು ಅಂತೀರಿ. ಇವನೂ ನಕ್ಕ. ಅಲ್ವೇನೋ ಮರಿ?"

ಎಸ್ಕೊ ನೆಲ ನೋಡಿದ. "ಹೂಂ ಸಾರ್."

"ಆಮೇಲೆ ಕಲಿತ. ಆದರೂ ಹೆದರಿದಾಗ ಕೈ ಹಳೇ ಕಡೆಗೇ ಹೋಗುತ್ತೆ. ನಾನೊಮ್ಮೆ ಗಂಟಲು ಸರಿಮಾಡ್ಕೊಂಡ್ರೆ ಸಾಕು."

ಐಲಿಗೆ ಅವನ ಕತ್ತಿನ ಪಟ್ಟಿ ಹಿಡಿದು ಗೋಡೆಗೆ ಅಪ್ಪಳಿಸಬೇಕೆನ್ನಿಸಿತು. ಮೂವತ್ತು ವರ್ಷದಲ್ಲಿ ಕೊಲೆಗಡುಕರನ್ನು ಕಂಡಿದ್ದಳು, ಹೆಂಡತಿಯನ್ನು ಕೊಚ್ಚಿದವರಿಗೆ ಕಾಫಿ ಕೊಟ್ಟಿದ್ದಳು. ಇಷ್ಟು ಅಸಹ್ಯ ಯಾರ ಮೇಲೂ ಹುಟ್ಟಿರಲಿಲ್ಲ.

"ಕೆಳಗೆ ಬಾಗಿಲ ಹತ್ತಿರ ಆರಡಿ ಫೋಟೊ ನೇತುಹಾಕಿದ್ದೀರಲ್ಲ," ಎಂದಳು ಅವಳು, ದನಿ ಏರಿಸದೆ. "ಟೆಕ್ಸಾಸಿನವರ ಹರಳು. ನಿಮ್ಮ ಕೇಂದ್ರದ ಹೆಮ್ಮೆ. ಪತ್ರಿಕೆಯವರೆಲ್ಲ ಬಂದು ಹೋದರಲ್ಲ."

"ಅದಕ್ಕೇನಂತೆ?"

"ಟೂವೆ ಅವರಿಗೊಂದು ಪತ್ರ ಬರೆದಿಟ್ಟಿದ್ದಳು. ಕಳಿಸೋಕೆ ಮುಂಚೆ ಸತ್ತಳು. ಪ್ರೋಟೀನ್ ಹಾಕೋಕೆ ಮೊದಲು ಬರೀ ದ್ರಾವಣದ ಫೋಟೊ ಒಂದು ತೆಗೀತೀರಲ್ಲ, ಆ ಫೋಟೊದಲ್ಲೇ ಆ ಹರಳು ಇದೆ ಅಂತ ಬರೆದಿದ್ದಾಳೆ. ಅದು ಪ್ರೋಟೀನೇ ಅಲ್ಲ, ಬರೀ ಉಪ್ಪು."

"ಆ ಫೋಟೊ ತೋರಿಸಿ."

"ಯಾರೋ ಅಳಿಸಿದ್ದಾರೆ."

"ಯಾರೋ!" ಸ್ಟಾವಿಗ್ ಮಾರಿಟ್ ಕಡೆ ನೋಡಿ ಹುಬ್ಬು ಹಾರಿಸಿದ. "ಉಪ್ಪು ನೋಡಿ ಹರಳು ಅಂತ ಕುಣಿಯದ ವಿಜ್ಞಾನಿ ಈ ದೇಶದಲ್ಲಿ ಒಬ್ಬನೂ ಇಲ್ಲ ಮೇಡಂ. ನಾನೇ ಮೂರು ಸಲ ಕುಣಿದಿದ್ದೀನಿ. ಅಷ್ಟಕ್ಕೆಲ್ಲ ಕೊಲೆ ಮಾಡೋದಾದ್ರೆ ಇಷ್ಟೊತ್ತಿಗೆ ನಮ್ಮ ಕಸುಬೇ ನಿರ್ವಂಶ ಆಗಿರ್ತಿತ್ತು."

"ಕುಣಿಯೋದು ಬೇರೆ. ಗೊತ್ತಾದ ಮೇಲೂ ಗೋಡೆಗೆ ನೇತುಹಾಕೋದು ಬೇರೆ."

"ಐಲಿ, ಸಾಕು," ಎಂದಳು ಮಾರಿಟ್. "ಅವರು ಎರಡೂ ಹನ್ನೆರಡಕ್ಕೆ ಇಲ್ಲಿರಲಿಲ್ಲ. ಇವನಿದ್ದ. ಇದ್ದೂ ಇರಲಿಲ್ಲ ಅಂತ ನಮಗೆಲ್ಲ ಸುಳ್ಳು ಹೇಳಿದ. ನಿನ್ನ ಹುಡುಗ ನಿನಗೇ ಕೈ ಕೊಟ್ಟಿದ್ದಾನೆ. ನಾನು ನ್ಯಾಯಾಧೀಶರ ಕಚೇರಿಗೆ ಫೋನ್ ಮಾಡಬೇಕು, ಇಲ್ಲಿ ಸಿಗ್ನಲ್ ಇಲ್ಲ. ಹೊರಡೋಣ."

ಅವಳು ಫೋನ್ ಹಿಡಿದು ಮೊಗಸಾಲೆಗೆ ನಡೆದಳು. ಪೇದೆ ಎಸ್ಕೊನ ಕೈಗಳನ್ನು ಮುಂದಕ್ಕೆ ಸೇರಿಸಿ ಬೇಡಿ ಹಾಕಿದ.

"ಐದು ನಿಮಿಷ ಹೊರಗಿರಿ," ಎಂದಳು ಐಲಿ ಪೇದೆಗೆ. ಇಲಾಖೆಯಲ್ಲಿ ಅವಳ ಮಾತನ್ನು ತೆಗೆದುಹಾಕುವವರು ಕಡಿಮೆ. ಅವನು ಬಾಗಿಲೆಳೆದುಕೊಂಡು ಹೋದ.

"ನಿಮ್ಮ ನಾಟಕ ಮುಗಿಯೋದರೊಳಗೆ ನನ್ನ ತಟ್ಟೆ ಬೆಚ್ಚಗಾಗುತ್ತೆ," ಎಂದು ಸ್ಟಾವಿಗ್ ತಟ್ಟೆಯನ್ನು ಎತ್ತಿಕೊಂಡ. "ಇದು ಹಾಳಾದ್ರೆ ವರ್ಜೀನಿಯಾದಲ್ಲಿ ಒಬ್ಬಳು ಹುಡುಗಿ ಅಳ್ತಾಳೆ. ಬೆಳಿಗ್ಗೆ ಬಂದ ಪೆಟ್ಟಿಗೆಗಳನ್ನೂ ಜೋಡಿಸಬೇಕು. ಇಬ್ಬರು ಕೆಲಸದವರಲ್ಲಿ ಒಬ್ಬಳು ಸತ್ತಳು, ಒಬ್ಬ ಜೈಲಲ್ಲಿ. ನನ್ನ ಕಷ್ಟ ಯಾರಿಗೆ ಹೇಳಲಿ?"

ಟೂವೆ ಸತ್ತ ನಾಲ್ಕನೆಯ ದಿನವೇ ಅವನು ಕೋಲ್ಡ್ ರೂಮಿನಲ್ಲಿ ಕೆಲಸ ಶುರುಮಾಡಿಸಿದ್ದ. ಒಳಗಿನ ಹಿಡಿಕೆಯನ್ನು ಪೊಲೀಸರು ಸಾಕ್ಷ್ಯಕ್ಕೆಂದು ಕಿತ್ತೊಯ್ದಿದ್ದರಿಂದ ಅದರ ಜಾಗದಲ್ಲಿ ಬರೀ ತೂತಿತ್ತು. ಹೊಸ ಹಿಡಿಕೆ ಬರುವ ತನಕ ಬಾಗಿಲ ಕೆಳಗೆ ಮರದ ಬೆಣೆಯೊಂದನ್ನು ತುರುಕಿ ತೆರೆದಿಡಬೇಕೆಂದು ಚೀಟಿ ಅಂಟಿಸಿದ್ದರು.

ಸ್ಟಾವಿಗ್ ಬೆಣೆ ಸಿಕ್ಕಿಸಿ ಒಳಗೆ ಹೋದ. ಒಳಗಿನಿಂದ ಪೆಟ್ಟಿಗೆ ಎಳೆದಾಡುವ ಸದ್ದು, ಸಣ್ಣಗೆ ಸಿಳ್ಳೆ.

ಅವನ ಕಿವಿಗೆ ಬೀಳುವಲ್ಲಿ ಎಸ್ಕೊ ಬಾಯಿ ಬಿಡುವುದಿಲ್ಲ. ಐಲಿಗೆ ಅದು ನಿಚ್ಚಳವಾಗಿತ್ತು. ಅವಳು ಬಾಗಿಲ ಹತ್ತಿರ ಹೋಗಿ ಬೂಟಿನ ತುದಿಯಿಂದ ಬೆಣೆಯನ್ನು ತಳ್ಳಿದಳು. ಕಾಲು ತಾಗಿ ಜಾರಿದ್ದಲ್ಲ. ಬೇಕೆಂದೇ ತಳ್ಳಿದ್ದು. ದಪ್ಪ ಬಾಗಿಲು ತನ್ನ ತೂಕಕ್ಕೆ ತಾನೇ ಬಂದು ರಬ್ಬರಿಗೆ ಒತ್ತಿ ಮುಚ್ಚಿಕೊಂಡಿತು.

"ಎರಡು ನಿಮಿಷ ಇದೆ," ಎಂದಳು ಎಸ್ಕೊಗೆ. "ಇನ್ನು ಸುಳ್ಳು ಹೇಳಿದ್ರೆ ನಾನೂ ನಿನ್ನ ಜೊತೆ ಇಲ್ಲ. ಅವತ್ತು ಇಲ್ಲಿದ್ದೆಯಾ?"

"ಇದ್ದೆ ಮೇಡಂ."

"ಒಂದೂವರೆಗೆ ಊಟಕ್ಕೆ ಹೋದೆ, ನಾಲ್ಕಕ್ಕೆ ಬಂದೆ ಅಂದಿದ್ದೆ."

"ಎರಡಕ್ಕೇ ಬಂದೆ. ಟೂವೆ ಕಾಣಿಸಲಿಲ್ಲ. ಫೋಟೊ ಹೊತ್ತು ಮೀರಿತ್ತು, ಗಾಬರಿ ಆಯ್ತು, ನಾನೇ ತಟ್ಟೆ ಇಟ್ಟೆ. ಸಂಜೆ ನೋಡ್ತೀನಿ, ತಿರುಗುಮುರುಗಾಗಿದೆ. ಇನ್ನೊಂದು ಸಲ ಹಾಗೆ ಮಾಡಿದ್ರೆ ಕೆಲಸ ಬಿಟ್ಟು ನಡಿ ಅಂದಿದ್ರು ಡಾಕ್ಟ್ರು. ಅದಕ್ಕೇ ಆ ಹೊತ್ತಲ್ಲಿ ನಾನಿರಲೇ ಇಲ್ಲ ಅಂದುಬಿಟ್ಟೆ."

"ಒಂದು ಹೆಣ ಸಿಕ್ಕಿದೆ, ಪೊಲೀಸರು ಬಂದಿದ್ದಾರೆ. ನಿನಗೆ ತಟ್ಟೆ ಚಿಂತೆ!"

"ಹೇಳಿದಾಗ ಹೆಣ ಸಿಕ್ಕಿರಲಿಲ್ಲ ಮೇಡಂ. ಡಾಕ್ಟ್ರು ಕೇಳಿದ್ರು, ಅವರಿಗೆ ಹೇಳಿದ್ದೆ. ಆಮೇಲೆ ನೀವೆಲ್ಲ ಬಂದ್ರಿ. ಬೇರೆ ಹೇಳೋಕೆ ಧೈರ್ಯ ಬರಲಿಲ್ಲ."

ಇಷ್ಟೇ. ಕೆಲಸ ಹೋಗುತ್ತದೆಂಬ ಭಯಕ್ಕೆ ಹೇಳಿದ ಒಂದು ಸುಳ್ಳು, ಅವನ ಮುಂದಿನ ಮೂವತ್ತು ವರ್ಷವನ್ನು ನುಂಗಲು ಬಾಯಿ ತೆರೆದು ಕೂತಿತ್ತು. ಐಲಿಗೆ ಅವನ ಕೆನ್ನೆಗೆ ಬಾರಿಸಬೇಕೆನ್ನಿಸಿತು, ತಬ್ಬಿಕೊಳ್ಳಬೇಕೆಂದೂ ಅನ್ನಿಸಿತು.

"ಆ ಬಾಗಿಲು ಮುಚ್ಚಿತ್ತಾ?"

"ಮುಚ್ಚಿತ್ತು."

"ಒಳಗಿಂದ ಏನೂ ಕೇಳಿಸಲಿಲ್ವಾ? ಕೂಗು? ಏನೂ?"

"ಇಲ್ಲ ಮೇಡಂ. ಕೂಗೆಲ್ಲ ಏನಿಲ್ಲ." ಅವನು ಯೋಚಿಸಿದ. "ಫ್ಯಾನಿನ ಸದ್ದು ಬಿಟ್ರೆ ಏನೂ ಇಲ್ಲ."

"ಯಾವ ಫ್ಯಾನು?"

"ಒಳಗಿನ ಫ್ಯಾನಿಗೆ ಮಂಜು ಕಟ್ಟಿತ್ತಲ್ಲ ಮೇಡಂ. ರೆಕ್ಕೆ ಮಂಜುಗಡ್ಡೆಗೆ ತಾಗಿ ಬಡಿಯುತ್ತೆ, ಅದು ಕರಗೋವರೆಗೆ ಬಾಗಿಲು ತೆಗೀಬೇಡ, ತೆಗೆದ್ರೆ ಆವಿ ನುಗ್ಗಿ ಕ್ಯಾಮೆರಾ ಹಾಳಾಗುತ್ತೆ ಅಂದಿದ್ರು. ನಾನು ತೆಗೀಲಿಲ್ಲ." ಹೇಳಿದ್ದನ್ನು ಚಾಚೂ ತಪ್ಪದೆ ಪಾಲಿಸಿದವನ ನೆಮ್ಮದಿ ಅವನ ದನಿಯಲ್ಲಿತ್ತು. "ತುಂಬಾ ಬಡೀತು ಮೇಡಂ. ಹತ್ತು ನಿಮಿಷದ ಮೇಲೇ ಬಡೀತು. ತಲೆನೋವು ಬಂತು, ಕಿವಿಗೆ ಹಾಡು ಹಾಕ್ಕೊಂಡೆ."

ಐಲಿ ಕೋಲ್ಡ್ ರೂಮಿನ ಬಾಗಿಲ ಕಡೆ ತಿರುಗಿ ನೋಡಿದಳು.

"ಯಾರು ಹೇಳಿದ್ದು ಬಡಿಯುತ್ತೆ ಅಂತ?"

"ಡಾಕ್ಟ್ರು."

"ಯಾವಾಗ?"

"ಅವತ್ತೇ ಮೇಡಂ. ಬೆಳಿಗ್ಗೆ."

ಅಂದರೆ ಆ ಮನುಷ್ಯ ಎರಡೂ ಹನ್ನೆರಡಕ್ಕೆ ಇಲ್ಲಿರಬೇಕಾದ ಅಗತ್ಯವೇ ಇರಲಿಲ್ಲ. ಬಂದ ಪೆಟ್ಟಿಗೆ ಜೋಡಿಸಲು ಟೂವೆ ಒಳಗೆ ಹೋಗುವಳೆಂದು ತಿಳಿದು, ಬೆಳಿಗ್ಗೆಯೇ ಹಿಡಿಕೆ ಸಡಿಲಿಸಿ, ಮುಚ್ಚಳ ತೆಗೆದಿಟ್ಟು, ಹನ್ನೊಂದು ಜನರ ಮುಂದೆ ಹೋಗಿ ಕೂತಿದ್ದ. ಬಾಗಿಲ ಕಾವಲಿಗೆ, ಹೇಳಿದ್ದನ್ನು ಎಂದೂ ಪ್ರಶ್ನಿಸದ ಒಬ್ಬನನ್ನು ನಿಲ್ಲಿಸಿದ್ದ. ಇಪ್ಪತ್ತೆರಡು ವರ್ಷದ ಅಭ್ಯಾಸ ಸುಮ್ಮನೆ ಹೋಗಿರಲಿಲ್ಲ. ಎಸ್ಕೊಗೆ ಅವನು ಹೇಳಿಕೊಟ್ಟದ್ದು ಒಂದಲ್ಲ, ಎರಡು ತಪ್ಪು ಪಾಠ.

ಇದನ್ನು ಎಸ್ಕೊ ಕೋರ್ಟಿನಲ್ಲಿ ಹೇಳಬೇಕು. ಹೇಳಬೇಕಾದರೆ ಆ ಬಡಿತ ಏನೆಂದು ಮೊದಲು ಅವನಿಗೆ ತಿಳಿಯಬೇಕು. ಅದನ್ನು ಅವನಿಗೆ ಯಾವ ಬಾಯಲ್ಲಿ ಹೇಳುವುದು?

ಅಷ್ಟರಲ್ಲಿ ಕೋಲ್ಡ್ ರೂಮಿನ ಬಾಗಿಲು ಒಳಗಿನಿಂದ ಬಡಿಯಿತು.

ಧಡ್, ಧಡ್, ಧಡ್. ದಪ್ಪ ಬಾಗಿಲಿನ ಹೊಟ್ಟೆಯೊಳಗಿಂದ ಬಂದಂತೆ ಮಂದವಾದ, ಒಂದೇ ಸಮನೆ ಬಡಿತ. ಸ್ವಲ್ಪ ನಿಂತು, ಮತ್ತೆ ಮೂರು.

ಎಸ್ಕೊ ಸುಮ್ಮನೆ ಕೇಳಿಸಿಕೊಂಡ. ಇದೇನೋ ಗೊತ್ತಿರುವ ಸದ್ದು ಎಂಬಂತೆ ತಲೆಯೆತ್ತಿದ. ಬಾಗಿಲು ನೋಡಿದ, ಐಲಿಯನ್ನು ನೋಡಿದ, ಮತ್ತೆ ಬಾಗಿಲು ನೋಡಿದ. ಅವನ ಬಾಯಿ ನಿಧಾನವಾಗಿ ತೆರೆಯಿತು.

"ಮೇಡಂ," ಎಂದ. "ಮೇಡಂ, ಇದೇ ಸದ್ದು."

"ಎಸ್ಕೊ, ಕೇಳಿಲ್ಲಿ..."

"ಇದೇ ಸದ್ದು! ತೆಗೀರಿ! ಬಾಗಿಲು ತೆಗೀರಿ ಮೇಡಂ!"

ಅವನು ಬೇಡಿ ಹಾಕಿದ ಕೈಗಳಲ್ಲೇ ಹೊರಗಿನ ಹಿಡಿಕೆಗೆ ಹಾರಿದ. ಐಲಿ ಅಡ್ಡ ನಿಂತಳು. ಅವಳ ತೋಳು ಅವನ ಎದೆಗೆ, ಬೆನ್ನು ಬಾಗಿಲಿಗೆ. ಹುಡುಗ ಅಳುತ್ತಿದ್ದ, ಮೂಗು ಸುರಿಯುತ್ತಿತ್ತು, "ತೆಗೀರಿ, ತೆಗೀರಿ" ಎಂದು ಅವಳ ಭುಜಕ್ಕೆ ಹಣೆ ಚಚ್ಚಿಕೊಳ್ಳುತ್ತಿದ್ದ. ಒಳಗಿರುವವನು ಯಾರೆಂಬುದು ಅವನಿಗೆ ಬೇಕಾಗಿರಲಿಲ್ಲ.

ಐಲಿಗೆ ಬೇಕಾಗಿತ್ತು. ಅವಳು ಹಿಡಿಕೆಗೆ ಕೈ ಹಾಕಿದಳು, ತಿರುಗಿಸಲಿಲ್ಲ. ರಬ್ಬರಿನ ಸಂದಿಗೆ ಬಾಯಿಟ್ಟು ಕೂಗಿದಳು.

"ಏನಿಲ್ಲ ಡಾಕ್ಟ್ರೇ! ಫ್ಯಾನಿಗೆ ಮಂಜು ಕಟ್ಟಿರಬೇಕು!"

ಬಡಿತ ನಿಂತಿತು.

ಎಸ್ಕೊ ನೆಲಕ್ಕೆ ಕುಸಿದು ಕೂತ. ಐಲಿ ಸಂದಿಗೆ ಕಿವಿಯಿಟ್ಟಳು. ಮೊದಲು ಏನೂ ಇಲ್ಲ. ಆಮೇಲೆ ಆ ಕಡೆಯಿಂದ, ಕಿವಿ ಒತ್ತಿಟ್ಟವರಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ, ಒಂದಿಷ್ಟೂ ಗಾಬರಿಯಿಲ್ಲದ ದನಿ ಬಂತು.

"ಓಹೋ. ಹೇಳಿಬಿಟ್ನಾ ಅವನು? ಎರಡು ವಾರ ಬೇಕಾಯ್ತು ನೋಡಿ. ಟೂವೆಗಾಗಿದ್ರೆ ಹತ್ತು ನಿಮಿಷ ಸಾಕಿತ್ತು."

ಸಿಕ್ಕಿತು. ಅವನ ಬಾಯಿಂದಲೇ ಬಂತು. ಐಲಿ ತಿರುಗಿದಳು, ಎಸ್ಕೊ ಕೇಳಿಸಿಕೊಂಡನೇ ಎಂದು. ಅವನು ಮೊಣಕಾಲುಗಳ ನಡುವೆ ತಲೆ ತುರುಕಿ ಎರಡೂ ಕಿವಿ ಮುಚ್ಚಿಕೊಂಡು ನೆಲದ ಮೇಲೆ ಮುದುಡಿ ಕೂತಿದ್ದ.

ಮೊಗಸಾಲೆಯ ಬಾಗಿಲು ಯಾವಾಗಲೋ ತೆರೆದಿತ್ತು. ಕೈಯಲ್ಲಿ ಫೋನ್ ಹಿಡಿದ ಮಾರಿಟ್, ಅವಳ ಹಿಂದೆ ಪೇದೆ. ಇಬ್ಬರೂ ಎಸ್ಕೊನನ್ನು ನೋಡುತ್ತಿರಲಿಲ್ಲ. ಐಲಿಯ ಬೂಟಿನ ಪಕ್ಕ ಬಿದ್ದಿದ್ದ ಮರದ ಬೆಣೆಯನ್ನು ನೋಡುತ್ತಿದ್ದರು.

ಒಳಗಿನಿಂದ ಈಗ ಬಡಿತ ಜೋರಾಯಿತು. ಅದರ ಜೊತೆಗೆ ಸಾಯುತ್ತಿರುವವನ ಹಾಗೆ ಕೂಗು. ಹೊರಗೆ ಯಾರೋ ಬಂದದ್ದು ಅವನಿಗೆ ಹೇಗೋ ತಿಳಿದಿತ್ತು.

"ಐಲಿ," ಎಂದಳು ಮಾರಿಟ್, "ಈ ಬಾಗಿಲು ಹಾಕಿದ್ದು ಯಾರು?"